ನಿಮಗಿದು ಗೊತ್ತೇ? ಬೇಗೂರಿಗೊಂದು ಟಿಕೆಟ್

ಮೈಸೂರಿನಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದ ತೊದಲುವವರಿಗೆ ಅತಿ ಕಷ್ಟದ ಮಾತು ಯಾವುದು ಗೊತ್ತೇ? ಎಷ್ಟೋ ಸಲ, ಇಳಿಯಬೇಕಾದ ಊರಿನ ಹೆಸರೇ. ‘ಬೇಗೂರು’ ಎನ್ನಬೇಕಾದರೆ ಮೊದಲು ಎರಡೂ ತುಟಿ ಕೂಡಬೇಕು, ಬಾಯೊಳಗೆ ಉಸಿರು ಒತ್ತಿ ನಿಲ್ಲಬೇಕು, ಆಮೇಲೆ ತುಟಿ ಬಿಡಬೇಕು. ತೊದಲು ಹಿಡಿದಾಗ ತುಟಿ ಕೂಡುತ್ತದೆ, ಬಿಡುವುದಿಲ್ಲ. ಕಂಡಕ್ಟರ್ ಕಾಯುತ್ತಾರೆ, ಪಕ್ಕದವರು ತಿರುಗಿ ನೋಡುತ್ತಾರೆ. ಈ ಇಕ್ಕಟ್ಟಿನಿಂದ ಪಾರಾಗಲು ಬಾಯಿಗೆ ಬಂದ ಬೇರೆ ಊರು ಹೇಳಿ, ಮುಂದಿನ ನಿಲ್ದಾಣದವರೆಗೆ ದುಡ್ಡು ಕೊಟ್ಟು, ತಮ್ಮ ಊರಿನಲ್ಲೇ ಇಳಿದುಬಿಡುವವರು ಪ್ರಪಂಚದ ಎಲ್ಲ ಕಡೆಯೂ ಇದ್ದಾರೆ. ತೊದಲಿನ ಚಿಕಿತ್ಸಕರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ತೊದಲುವ ಬಹಳ ಜನಕ್ಕೆ ಸ್ವಂತ ಹೆಸರು ಹೇಳುವುದೇ ಕಷ್ಟ. ಕಾರಣ ಸರಳ. ‘ಅಪ್ಪ’ ಬಾಯಿಗೆ ಬರದಿದ್ದರೆ ‘ತಂದೆ’ ಎನ್ನಬಹುದು, ‘ಮನೆ’ ಬರದಿದ್ದರೆ ‘ಹಟ್ಟಿ’ ಎನ್ನಬಹುದು. ನಮ್ಮ ಹೆಸರಿಗೆ ಬದಲಿ ಹೆಸರಿಲ್ಲ. ಹಾಜರಿ ಕೂಗುವಾಗ, ಫೋನ್ ಎತ್ತಿದಾಗ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಮೊದಲು ಕೇಳುವುದೇ ಅದು. ತನ್ನ ಹೆಸರು ತನಗೇ ಮರೆತುಹೋಯಿತೇನೋ ಎಂದು ನಗುವವರಿಗೆ ಎದುರಿನವರ ಎದೆಬಡಿತ ಕೇಳಿಸುವುದಿಲ್ಲ.

ಒಟ್ಟು ಜನರಲ್ಲಿ ಹತ್ತಿರ ಹತ್ತಿರ 100ಕ್ಕೆ ಒಬ್ಬರು ತೊದಲುತ್ತಾರೆ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾಗಿರುವ ಅಂದಾಜು. 2011ರ ಜನಗಣತಿಯಲ್ಲಿ ಬೇಗೂರು ಇರುವ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10 ಲಕ್ಷ ದಾಟಿತ್ತು. ಆ ಅಂದಾಜಿನಲ್ಲಿ ಲೆಕ್ಕ ಹಾಕಿದರೆ ಈ ಒಂದೇ ಜಿಲ್ಲೆಯಲ್ಲಿ ಸುಮಾರು 10 ಸಾವಿರ ಜನ. ಇಷ್ಟೊಂದು ಜನ ನಮ್ಮ ಕಣ್ಣಿಗೆ ಬೀಳುವುದಿಲ್ಲವೇಕೆ? ಅವರಲ್ಲಿ ಅನೇಕರು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಾರೆ.

ಮಕ್ಕಳ ಲೆಕ್ಕ ಬೇರೆ. 2ರಿಂದ 5 ವರ್ಷದೊಳಗೆ, ಮಾತು ಸರಸರನೆ ಬೆಳೆಯುವ ಹೊತ್ತಿನಲ್ಲೇ ತೊದಲು ಕಾಣಿಸಿಕೊಳ್ಳುವುದು. 100 ಮಕ್ಕಳಲ್ಲಿ 5 ಅಥವಾ ಇನ್ನೂ ಹೆಚ್ಚು ಮಕ್ಕಳು ಯಾವಾಗಲಾದರೂ ಒಮ್ಮೆ ತೊದಲುತ್ತಾರೆ, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಕ್ಕಳಿಗೆ ಅದು ತಾನಾಗಿ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಹೋಗುವುದು ಹೆಚ್ಚು. ಅದಕ್ಕೇ ದೊಡ್ಡವರಾದ ಮೇಲೆ ತೊದಲುವ ಹೆಂಗಸು ಒಬ್ಬರಿದ್ದರೆ ಗಂಡಸರು ಸುಮಾರು ನಾಲ್ವರು.

ತೊದಲು ನಾಲಿಗೆಯ ದೋಷವಲ್ಲ. ನಾಲಿಗೆ ದಪ್ಪವಾಗಿರುವುದಕ್ಕೋ, ಕೆಳಗಿನ ದಾರ ಗಿಡ್ಡವಾಗಿರುವುದಕ್ಕೋ, ಮಗು ಹೆದರಿದ್ದಕ್ಕೋ, ಯಾರನ್ನೋ ಅಣಕಿಸಿದ್ದಕ್ಕೋ ಬರುವುದೂ ಅಲ್ಲ. ಮಾತಿನ ಚಲನೆಗಳನ್ನು ಹೊತ್ತಿಗೆ ಸರಿಯಾಗಿ ಜೋಡಿಸುವ ಮೆದುಳಿನ ಜಾಲಗಳಲ್ಲಿ ಇರುವ ಸಣ್ಣ ವ್ಯತ್ಯಾಸಕ್ಕೂ ತೊದಲಿಗೂ ನಂಟಿದೆ ಎಂದು ಮೆದುಳಿನ ಚಿತ್ರಗಳು ತೋರಿಸಿವೆ. ನಮ್ಮ ಕಡೆ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಬಾಯಿಗೆ ಬೆಣಚುಕಲ್ಲು ಹಾಕಿ ಓದಿಸುತ್ತಾರೆ. ಕಲ್ಲಿನ ಕತೆ ಪ್ರಾಚೀನ ಗ್ರೀಸಿನ ವಾಗ್ಮಿ ಡೆಮಾಸ್ತನೀಸನದು, ಎರಡು ಸಾವಿರ ವರ್ಷಕ್ಕೂ ಹಳೆಯದು. ಕಲ್ಲಿನಿಂದ ತೊದಲು ಹೋಗುವುದಿಲ್ಲ, ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ದಯವಿಟ್ಟು ಹಾಕಬೇಡಿ.

1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಡೀಫೆನ್‌ಬಾಖ್ ತೊದಲು ಹೋಗಲಾಡಿಸಲೆಂದು ರೋಗಿಗಳ ನಾಲಿಗೆಯ ಬುಡವನ್ನೇ ಕತ್ತರಿಸಿದ. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲ ಅದು.

‘ಅವರಜ್ಜನ್ನ ನೋಡಿ ಕಲ್ತುಬುಟ್ಟ’ ಎನ್ನುತ್ತಾರೆ. ನೋಡಿ ಕಲಿತದ್ದಲ್ಲ, ರಕ್ತದಲ್ಲಿ ಬಂದದ್ದು. ಅಮೆರಿಕದ ವಿಜ್ಞಾನಿ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ, ತಲೆಮಾರುಗಳಿಂದ ತೊದಲುವ ಕುಟುಂಬಗಳನ್ನು ಪರೀಕ್ಷಿಸಿ 2010ರಲ್ಲಿ ತೊದಲಿಗೆ ಸಂಬಂಧಿಸಿದ ಮೂರು ಜೀನ್‌ಗಳನ್ನು ಗುರುತಿಸಿತು. ಅವುಗಳಲ್ಲಿ ಒಂದು ಬದಲಾವಣೆ ಭಾರತ ಮೂಲದವರಲ್ಲೂ ಸಿಕ್ಕಿತು. ಅದು ಹುಟ್ಟಿದ್ದು ಸುಮಾರು 14 ಸಾವಿರ ವರ್ಷಗಳ ಹಿಂದೆ ಎಂದು ಅದೇ ತಂಡ ಮುಂದೆ ಲೆಕ್ಕ ಹಾಕಿತು. 2025ರಲ್ಲಿ ಪ್ರಕಟವಾದ, 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯ ಅಧ್ಯಯನವೊಂದು ತೊದಲಿನ ಜೊತೆ ನಂಟಿರುವ 57 ತಾಣಗಳನ್ನು ಜೀನ್‌ಗಳ ನಕ್ಷೆಯಲ್ಲಿ ಗುರುತಿಸಿದೆ. ಮಗ ತೊದಲಿದರೆ ಸೊಸೆಯನ್ನೋ, ಅವಳು ಬೆಳೆಸಿದ ರೀತಿಯನ್ನೋ ಬೈಯುವ ಮನೆಗಳಿಗೆ ಈ ಸುದ್ದಿ ಇನ್ನೂ ತಲುಪಬೇಕಾಗಿದೆ.

ಮಾದಪ್ಪನ ಪದ ಹಾಡುವ ಕಂಸಾಳೆಯವರ ಜೊತೆ ದನಿಗೂಡಿಸುವಾಗ ತೊದಲುವವರೂ ಬಹುಪಾಲು ತೊದಲುವುದಿಲ್ಲ ಎಂಬುದು ಗೊತ್ತೇ? ಹಾಡುವಾಗ ತೊದಲು ಬಹುಮಟ್ಟಿಗೆ ಮಾಯವಾಗುತ್ತದೆ. ಹಾಡೇ ಆಗಬೇಕೆಂದಿಲ್ಲ, ಇನ್ನೊಬ್ಬರ ಜೊತೆ ಒಟ್ಟಿಗೆ ಓದಿದರೂ ಸಾಕು. ಒಬ್ಬರೇ ಇದ್ದಾಗ, ಕರುವಿನ ಜೊತೆ, ನಾಯಿಯ ಜೊತೆ ಮಾತಾಡುವಾಗಲೂ ತೊದಲು ತೀರ ಕಡಿಮೆ. ಇದೇ ತರಗತಿಯಲ್ಲಿ ತಿರುಗುಬಾಣವಾಗುತ್ತದೆ. ಎಲ್ಲರ ಜೊತೆ ಮಗ್ಗಿಯನ್ನು ಗಟ್ಟಿಯಾಗಿ, ನೀಟಾಗಿ ಒಪ್ಪಿಸಿದ ಹುಡುಗ, ಒಬ್ಬನೇ ಎದ್ದು ನಿಂತು ಪಾಠ ಓದು ಎಂದಾಗ ಮೊದಲ ಪದಕ್ಕೇ ನಿಂತುಬಿಡುತ್ತಾನೆ. ‘ಈಗ ತಾನೇ ಚೆನ್ನಾಗಿ ಹೇಳಿದೆಯಲ್ಲ, ನಾಟಕ ಆಡ್ತೀಯಾ’ ಎಂಬ ಬೈಗುಳ ಬೀಳುತ್ತದೆ. ಅವನು ನಾಟಕ ಆಡುತ್ತಿಲ್ಲ. ಎರಡೂ ನಿಜ.

ಈಗ ಹೇಳುವುದು ಸ್ವಲ್ಪ ಉದ್ದದ ಸಂಗತಿ, ನೋವಿನದು ಕೂಡ. 1939ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ತಾವೂ ತೊದಲುವವರೇ. ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡೇವನ್‌ಪೋರ್ಟಿನ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನ್ನ ಮಾತು ಸರಿಯಿಲ್ಲ, ತೊದಲು ಶುರುವಾಗಿದೆ, ಸರಿಯಾಗಿ ಬರದಿದ್ದರೆ ಬಾಯಿಯನ್ನೇ ತೆರೆಯಬೇಡ’ ಎಂಬ ಅರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ತೊದಲುವವರಾಗಲಿಲ್ಲ, ಆದದ್ದು ಬೇರೆ. ಮಾತಾಡಲು ಹಿಂಜರಿದರು, ಒಂದೊಂದೇ ಪದದಲ್ಲಿ ಉತ್ತರ ಕೊಟ್ಟರು, ಬಾಯಿಗೆ ಕೈ ಅಡ್ಡ ಹಿಡಿದರು. ಕೆಲವರಿಗೆ ಆ ಸಂಕೋಚ ಬದುಕಿಡೀ ಉಳಿಯಿತು. ವಿಷಯ ಪತ್ರಿಕೆಯೊಂದರಲ್ಲಿ ಬಯಲಾದದ್ದು 2001ರಲ್ಲಿ, ವಿಶ್ವವಿದ್ಯಾಲಯ ಆ ವರ್ಷವೇ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಬರೀ ತಿದ್ದುವ ಮಾತಿನಿಂದ ಒಂದು ಮಗುವಿನ ದನಿ ಅಡಗಬಲ್ಲದು. ಆ ಪ್ರಯೋಗವನ್ನು ಯಾರೂ ಮತ್ತೆ ಮಾಡುವಂತಿಲ್ಲ. ಆದರೂ ನಮ್ಮ ಜಗಲಿಗಳಲ್ಲಿ, ಮದುವೆ ಮನೆಗಳಲ್ಲಿ, ‘ನಿಧಾನ ಹೇಳು, ಉಸಿರು ತಗೊ, ಮತ್ತೆ ಹೇಳು’ ಎಂದು ನೆಂಟರಿಷ್ಟರಾದ ನಾವು ಅದನ್ನು ಪ್ರೀತಿಯಿಂದಲೇ ಮಾಡುತ್ತಾ ಬಂದಿದ್ದೇವೆ.

ಬೇಗೂರಿನವರಿಗೆ ದೇಶದ ದೊಡ್ಡ ವಾಕ್ ಚಿಕಿತ್ಸಾ ಕೇಂದ್ರ ಸುಮಾರು 40 ಕಿ.ಮೀ. ದೂರದಲ್ಲಿ, ಅದೇ ಬಸ್ಸು ಹೊರಡುವ ಊರಿನಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಕಿವುಡಿಗೆ ಮಿಷನ್ ಕೊಡುವ ಆಸ್ಪತ್ರೆ ಎಂದೇ ಹಳ್ಳಿಗಳಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿ ತೊದಲಿಗೂ ಚಿಕಿತ್ಸೆ ಇದೆ, ಅದೂ ಕನ್ನಡದಲ್ಲೇ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಮತ್ತು ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೂ ಸಂಸ್ಥೆ ತನ್ನ ಸೇವೆ ಚಾಚಿದೆ. ಇನ್ನೊಂದು ಸಂಗತಿ: ಈ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್. ರತ್ನ ಕನ್ನಡದ ನಾಟಕಕಾರರೂ ಹೌದು, ಮೈಸೂರಿನ ಹವ್ಯಾಸಿ ರಂಗಭೂಮಿಯಲ್ಲಿ ದೊಡ್ಡ ಹೆಸರು. ಮಾತು ಸಿಕ್ಕಿಕೊಂಡವರ ಸಂಸ್ಥೆಯನ್ನು ಮಾತನ್ನೇ ಕಲೆಯಾಗಿ ಬದುಕಿದವರು ನಡೆಸಿದ್ದು ನನಗೆ ಬಹಳ ಹಿತವೆನಿಸುವ ವಿಷಯ.

ಎಳೆಯ ಮಗುವಿನ ತೊದಲು ಆರು ತಿಂಗಳು ದಾಟಿದರೆ, ಮನೆಯಲ್ಲಿ ಇನ್ಯಾರಿಗಾದರೂ ಇದ್ದರೆ, ಅಥವಾ ಮಾತಾಡುವಾಗ ಮಗು ಕಣ್ಣು ಬಿಗಿಹಿಡಿದು, ಕತ್ತು ಎಳೆದು ಒದ್ದಾಡುತ್ತಿದ್ದರೆ ಕಾಯಬೇಡಿ. ಶಾಲೆಗೆ ಸೇರುವ ಮೊದಲೇ ಕೊಟ್ಟ ಚಿಕಿತ್ಸೆಗೆ ಫಲ ಹೆಚ್ಚು.

ದೊಡ್ಡವರಾದ ಮೇಲೆ? ತೊದಲನ್ನು ಪೂರಾ ಅಳಿಸುವ ಮಾತ್ರೆಯಾಗಲಿ ಟಾನಿಕ್ ಆಗಲಿ ಇಂದಿಗೂ ಇಲ್ಲ. ‘15 ದಿನದಲ್ಲಿ ತೊದಲು ಮಾಯ’ ಎಂದು ಗೋಡೆಗೆ ಅಂಟಿಸಿದ ಚೀಟಿಗಳನ್ನು ನಂಬಿ ದುಡ್ಡು ಸುರಿಯಬೇಡಿ. ಚಿಕಿತ್ಸೆಯಿಂದ ಮಾತು ಹಗುರವಾಗುತ್ತದೆ, ಒದ್ದಾಟ ಕಡಿಮೆಯಾಗುತ್ತದೆ. ಆದರೆ ಬಹಳ ಜನರ ಬದುಕು ತಿರುಗಿದ್ದು ಇನ್ನೊಂದು ಬಾಗಿಲಿನಿಂದ.

ಆ ಬಾಗಿಲು ತೆರೆದವರಲ್ಲಿ ಮುಖ್ಯರು ಚಾರ್ಲ್ಸ್ ವಾನ್ ರೈಪರ್, ಹುಟ್ಟಿದ್ದು 1905ರಲ್ಲಿ, ಅಮೆರಿಕದ ಮಿಷಿಗನ್ನಿನಲ್ಲಿ. ಯುವಕನಾಗಿದ್ದಾಗ ಅವರ ತೊದಲು ಎಷ್ಟು ತೀವ್ರವೆಂದರೆ, ಕಿವುಡ ಮೂಗನಂತೆ ನಟಿಸಿ ಒಂದು ಜಮೀನಿನಲ್ಲಿ ಆಳಾಗಿ ದುಡಿದರು. ಮಾತಾಡುವುದೇ ಬೇಡವಾಯಿತಲ್ಲ. ಮುಂದೊಂದು ದಿನ ತೊದಲುವ ಒಬ್ಬ ಮುದುಕ ಅವರಿಗೆ ಸಿಕ್ಕ. ತನಗೆ ವಯಸ್ಸಾಯಿತು, ದಣಿವಾಗಿದೆ, ಈಗ ಮಾತಿನ ಜೊತೆ ಗುದ್ದಾಡುವುದಿಲ್ಲ, ಬಂದಹಾಗೆ ಬರಲಿ ಎಂದು ಬಿಟ್ಟುಬಿಡುತ್ತೇನೆ ಎಂದ. ತೊದಲದೆ ಮಾತಾಡಬೇಕು ಎಂಬ ಹಟವನ್ನು ವಾನ್ ರೈಪರ್ ಅಲ್ಲಿಗೆ ಬಿಟ್ಟರು. ಸಲೀಸಾಗಿ ತೊದಲುವುದನ್ನು ಕಲಿತರು, ಕಲಿಸಿದರು. ಅವರು ಕಟ್ಟಿದ ಚಿಕಿತ್ಸಾ ಕ್ರಮವನ್ನು ಮೈಸೂರಿನಲ್ಲೂ ಪಾಠವಾಗಿ ಓದುತ್ತಾರೆ.

ಅವರ ದಾರಿಯಲ್ಲೇ ಬಂದ ಜೋಸೆಫ್ ಶೀಹನ್, ತಾವೂ ತೊದಲುವವರು, ತೊದಲನ್ನು ನೀರಲ್ಲಿ ತೇಲುವ ಹಿಮಗುಡ್ಡದಂತೆ ವಿವರಿಸಿದರು. ಕೇಳುಗರ ಕಿವಿಗೆ ಬೀಳುವುದು ಮೇಲಿನ ತುದಿ. ನಾಚಿಕೆ, ಭಯ, ಅಪರಾಧಭಾವ, ಪದ ಬದಲಿಸುವ ಚಾಳಿ, ಸುಮ್ಮನಿದ್ದುಬಿಡುವ ಅಭ್ಯಾಸ ಇವೆಲ್ಲ ಕೆಳಗೆ. ಹೊರಗೆ ಒಂದು ಪದವೂ ತೊದಲದೆ, ಒಳಗೇ ದಿನವಿಡೀ ಲೆಕ್ಕ ಹಾಕುತ್ತಾ ಬದುಕುವವರೂ ಇದ್ದಾರೆ. ಒಪ್ಪಿಕೊಳ್ಳುವುದೆಂದರೆ ಈ ಕೆಳಗಿನ ಭಾರ ಇಳಿಸುವುದು. ಚಿಕಿತ್ಸೆ ಬಿಟ್ಟು ಕೂರುವುದಲ್ಲ.

ಬೇಕೆಂದೇ ತೊದಲುವುದು ಒಂದು ಚಿಕಿತ್ಸೆ ಎಂದರೆ ನಂಬುತ್ತೀರಾ? ಅಂಗಡಿಗೆ ಹೋಗಿ, ಕಷ್ಟವಿಲ್ಲದ ಪದದಲ್ಲೂ ಸಾವಧಾನವಾಗಿ ‘ಸ-ಸ-ಸಕ್ಕರೆ’ ಎನ್ನುವುದು. ತೊದಲಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಮೈಗೆ ಗೊತ್ತಾಗುವುದು ಹೀಗೆ. ‘ನನಗೆ ತೊದಲು ಇದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ’ ಎಂದು ಮೊದಲೇ ಹೇಳಿಬಿಡುವುದು ಇನ್ನೊಂದು ಉಪಾಯ. ಮುಚ್ಚಿಡುವ ಕೆಲಸ ತಪ್ಪಿದ ಕೂಡಲೇ ಎಷ್ಟೋ ಜನರ ಮಾತು ಹಗುರಾಗುತ್ತದೆ.

ಭಾರತದಲ್ಲಿ ಈ ಒಪ್ಪಿಕೊಳ್ಳುವ ಮಾತನ್ನು ಊರೂರಿಗೆ ಒಯ್ದದ್ದು ‘ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್’. ತಾವೂ ತೊದಲುವ ವೈದ್ಯ ಡಾ. ಸತ್ಯೇಂದ್ರ ಶ್ರೀವಾಸ್ತವ ಇದನ್ನು 2008ರಲ್ಲಿ ಶುರುಮಾಡಿದರು. ಊರಿನ ತೊದಲುವವರೆಲ್ಲ ಒಂದು ಕಡೆ ಸೇರಿ, ಸರದಿಯಂತೆ ಎದ್ದು ಮಾತಾಡುವುದೇ ಅವರ ಕ್ರಮ. ಬೆಂಗಳೂರಿನಲ್ಲೂ ಅವರ ಗುಂಪಿದೆ. ತನ್ನಂತೆಯೇ ತೊದಲುವ ಇನ್ನೊಬ್ಬರನ್ನು 30 ವರ್ಷ ತುಂಬಿದ ಮೇಲೆ ಮೊದಲ ಸಲ ಕಾಣುವವರಿದ್ದಾರೆ.

ಬೇಗೂರಿನ ಹೆದ್ದಾರಿಯಲ್ಲೇ ಬಂಡೀಪುರ ದಾಟಿದರೆ ಕೇರಳ. ಆ ರಾಜ್ಯದ ಮೊದಲ ಮುಖ್ಯಮಂತ್ರಿ, 1957ರಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡ್ ಬದುಕಿಡೀ ತೊದಲಿದರು, ಬದುಕಿಡೀ ಭಾಷಣ ಮಾಡಿದರು. ನೀವು ಯಾವಾಗಲೂ ತೊದಲುತ್ತೀರಾ ಎಂದು ಕೇಳಿದವರಿಗೆ, ಇಲ್ಲ, ಮಾತಾಡುವಾಗ ಮಾತ್ರ ಎಂದು ಉತ್ತರಿಸಿದ್ದರೆಂದು ಅಲ್ಲಿನವರು ಈಗಲೂ ನೆನೆಯುತ್ತಾರೆ. ಅವರ ಮಾತು ಕೇಳಲು ಜನ ಕಾದು ಕೂತರು. ತೊದಲುವವರನ್ನು ನಗಿಸುವ ಪಾತ್ರಕ್ಕೆ ಮಾತ್ರ ಕರೆಯುವ ನಮ್ಮ ಸಿನಿಮಾದವರು ಇದನ್ನು ಗಮನಿಸಬೇಕು.

ಪಿಯಾನೋ ವಾದಕ ಜಾನ್ ಲಾರ್ಕಿನ್ ತೊದಲಿಗೆ ನಾಚಿ ವರ್ಷಾನುಗಟ್ಟಲೆ ವಾದ್ಯದ ಹಿಂದೆಯೇ ಅಡಗಿದ್ದರು. 50 ದಾಟಿದ ಮೇಲೆ, 1994ರಲ್ಲಿ, ತಮ್ಮ ತೊದಲನ್ನೇ ವಸ್ತುವಾಗಿಸಿ ಹಾಡಿದ ‘ಸ್ಕ್ಯಾಟ್‌ಮನ್’ ಹಲವು ದೇಶಗಳಲ್ಲಿ ಮನೆಮಾತಾಯಿತು.

ಬ್ರಿಟನ್ನಿನ ತೊದಲುವ ದೊರೆ ಆರನೇ ಜಾರ್ಜ್ ಕುರಿತ ‘ದಿ ಕಿಂಗ್ಸ್ ಸ್ಪೀಚ್’ ಸಿನಿಮಾ ಬರೆದ ಡೇವಿಡ್ ಸೈಡ್ಲರ್ ಕೂಡ ಬಾಲ್ಯದಲ್ಲಿ ತೊದಲುತ್ತಿದ್ದವರು. ದೊರೆಯ ಪತ್ನಿ, ನಾನು ಬದುಕಿರುವವರೆಗೆ ಬೇಡ ಎಂದಿದ್ದರಿಂದ ದಶಕಗಳ ಕಾಲ ಕಾದರು. ಆಸ್ಕರ್ ಬಂದದ್ದು 2011ರಲ್ಲಿ, 73ನೇ ವಯಸ್ಸಿನಲ್ಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿಮಾಡಿದೆ. ಅದರಲ್ಲಿ ವಾಕ್ ಮತ್ತು ಭಾಷಾ ನ್ಯೂನತೆ ಇದೆ. ಉದಾಹರಣೆಯಾಗಿ ಧ್ವನಿಪೆಟ್ಟಿಗೆ ತೆಗೆದವರನ್ನೂ ಮೆದುಳಿನ ಪೆಟ್ಟಿನಿಂದ ಮಾತು ಹೋದವರನ್ನೂ ಹೆಸರಿಸಿದೆ. ತೊದಲಿನ ಹೆಸರು ಆ ವಿವರಣೆಯಲ್ಲಿಲ್ಲ. ಹೆಸರಿರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಸಂದರ್ಶನದಲ್ಲಿ 5 ನಿಮಿಷ ಹೆಚ್ಚು ಕೇಳುವುದು ದಯೆಯ ಮಾತಾಗಬಾರದು.

1998ರಿಂದ ಪ್ರತಿ ವರ್ಷ ಅಕ್ಟೋಬರ್ 22 ಅಂತರರಾಷ್ಟ್ರೀಯ ತೊದಲು ಜಾಗೃತಿ ದಿನ. ಬೇಗೂರು ಹೋಬಳಿಯ ಮೇಷ್ಟ್ರುಗಳು ಮೇಡಂಗಳು ಅಂದು ಮಾಡಬಹುದಾದ ಕೆಲಸಗಳಿವೆ. ತೊದಲುವ ಮಗುವನ್ನು ಪಕ್ಕಕ್ಕೆ ಕರೆದು, ತರಗತಿಯಲ್ಲಿ ಹೇಗೆ ಓದಿಸಿದರೆ ನಿನಗೆ ಸರಿ ಎಂದು ಕೇಳಿ. ಇಬ್ಬಿಬ್ಬರನ್ನು ಒಟ್ಟಿಗೆ ಓದಿಸಿ, ಎಲ್ಲ ಮಕ್ಕಳನ್ನೂ ಹಾಗೇ, ಅದೊಂದೇ ಮಗುವನ್ನು ಬೇರೆ ಮಾಡದೆ. ಅದು ಮಾತಾಡುವಾಗ ಮುಖ ನೋಡಿ, ಪದ ಮುಗಿಸಿಕೊಡಬೇಡಿ. ಹಿಂದಿನ ಬೆಂಚಿನವರು ನಕ್ಕರೆ ಅಲ್ಲೇ ತಡೆಯಿರಿ. ಉತ್ತರ ಬರುವವರೆಗೆ ಮುಂದಿನ ಪ್ರಶ್ನೆಗೆ ಹೋಗಬೇಡಿ.