ಸಕ್ಕರೆಯ ಸುಕ್ಕು: ಕ್ರೀಮು ತಡೆದೀತೇ?

ಕಳೆದ ತಿಂಗಳು ನನ್ನ ಬಳಿ ಬಂದ ನಿವೃತ್ತ ಶಿಕ್ಷಕಿಯೊಬ್ಬರು ಮೇಜಿನ ಮೇಲೆ ಒಂದು ಪುಟ್ಟ ಗಾಜಿನ ಡಬ್ಬಿ ಇಟ್ಟರು. ಅಮೆರಿಕದಲ್ಲಿರುವ ಮಗ ಕಳಿಸಿದ್ದಂತೆ. ಸಕ್ಕರೆಯಿಂದ ಚರ್ಮಕ್ಕಾಗುವ ಹಾನಿಯನ್ನು ತಡೆದು ಮುಪ್ಪಿನ ಗುರುತುಗಳನ್ನು ನಿಧಾನಗೊಳಿಸುತ್ತದೆ ಎಂದು ಅದರ ಮೇಲೆ ಬರೆದಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಇದು ಅವರಂಥವರಿಗಾಗಿಯೇ ಮಾಡಿದ್ದು ಎಂದು ಮಗನಿಗೆ ಅನ್ನಿಸಿದೆ. ಬೆಲೆ ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರಕ್ಕೂ ಮೇಲೆ. ‘ಡಾಕ್ಟ್ರೇ, ಇದನ್ನ ಹಚ್ಕೋಬಹುದಾ? ಹಚ್ಕೊಂಡ್ರೆ ಮಾತ್ರೆ ಕಡಿಮೆ ಮಾಡ್ಬಹುದಾ?’ ಎಂದು ಕೇಳಿದರು. ಎರಡನೆಯ ಪ್ರಶ್ನೆ ಕೇಳಿ ನನಗೆ ತುಸು ಗಾಬರಿಯಾಯಿತು.

ಉತ್ತರ ಹೇಳುವ ಮೊದಲು, ‘ಒಮ್ಮೆ ಕೈ ಮುಗೀರಿ ಟೀಚರ್’ ಎಂದೆ. ಅವರು ನಗುತ್ತ ಎದೆಯ ಮುಂದೆ ಕೈ ಜೋಡಿಸಿದರು. ಅಂಗೈಗಳು ತಾಗಿದವು, ಬೆರಳುಗಳು ಮಾತ್ರ ಪೂರ್ತಿ ಕೂಡಲಿಲ್ಲ. ನಡುವೆ ಬೆಳಕು ಹಾಯುವಷ್ಟು ಸಂದು ಉಳಿಯಿತು. ಬೆರಳುಗಳ ಹಿಂಭಾಗದ ಚರ್ಮ ಮೇಣ ಸವರಿದಂತೆ ದಪ್ಪವಾಗಿ, ಚಿವುಟಿದರೂ ಮೇಲೇಳದಷ್ಟು ಬಿಗಿಯಾಗಿತ್ತು. ಹನ್ನೆರಡು ವರ್ಷದ ಮಧುಮೇಹ ಕೈಯಲ್ಲಿ ಕಾಣಿಸಿಕೊಂಡ ಬಗೆ ಅದು. ಡಬ್ಬಿಯ ಮೇಲಿನ ಬರಹಕ್ಕೂ ಈ ಬೆರಳುಗಳಿಗೂ ನೇರ ಸಂಬಂಧವಿದೆ. ಆದ್ದರಿಂದ ಈ ವಾರ ಆ ಡಬ್ಬಿಯ ವಿಷಯವನ್ನೇ ನೋಡೋಣ.

‘ಆ್ಯಂಟಿ ಗ್ಲೈಕೇಶನ್’ ಎಂಬ ಹೆಸರು ಹೊತ್ತ ಕ್ರೀಮು, ಸೀರಮ್‌ಗಳು ಈಗ ನಮ್ಮಲ್ಲೂ ಮಾರಾಟವಾಗುತ್ತಿವೆ. ಏನಿದು ಗ್ಲೈಕೇಶನ್? ಧಾರವಾಡದ ಪೇಡ ನೆನಪಿಸಿಕೊಳ್ಳಿ. ಬಿಳಿಯ ಖೋವಾಕ್ಕೆ ಸಕ್ಕರೆ ಬೆರೆಸಿ ಉರಿಯ ಮೇಲೆ ಹುರಿಯುತ್ತ ಹೋದಂತೆ ಅದು ಕಂದು ಬಣ್ಣಕ್ಕೆ ತಿರುಗಿ ಘಮ್ಮೆನ್ನತೊಡಗುತ್ತದೆ. ಹಾಲಿನ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡು ನಡೆಯುವ ರಾಸಾಯನಿಕ ಕ್ರಿಯೆ ಇದಕ್ಕೆ ಮುಖ್ಯ ಕಾರಣ. ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ಬರುವುದೂ ಹೀಗೆಯೇ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ಒಲೆಯ ಮೇಲೆ ನಿಮಿಷಗಳಲ್ಲಿ ಮುಗಿಯುವ ಇದೇ ಬಗೆಯ ಕ್ರಿಯೆ ನಮ್ಮ ದೇಹದ 37 ಡಿಗ್ರಿ ಶಾಖದಲ್ಲಿ ವರ್ಷಗಟ್ಟಲೆ, ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮಧುಮೇಹ ಇಲ್ಲದವರಲ್ಲೂ ನಡೆಯುತ್ತದೆ. ಇರುವವರಲ್ಲಿ ಬೇಗ ನಡೆಯುತ್ತದೆ, ಅಷ್ಟೆ.

ಇದು ಬರೀ ಊಹೆಯಲ್ಲ. ಇದರ ಲೆಕ್ಕವನ್ನು ನಿಮ್ಮಲ್ಲಿ ಹಲವರು ಆಗಲೇ ಪ್ರಯೋಗಾಲಯದಲ್ಲಿ ಮಾಡಿಸಿಕೊಂಡಿರುತ್ತೀರಿ. ಮಧುಮೇಹಿಗಳಿಗೆ ಮೂರು ತಿಂಗಳಿಗೊಮ್ಮೆ ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ಬೇರೇನೂ ಅಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದರ ಅಳತೆ. ಇರಾನಿನ ವೈದ್ಯ ಸ್ಯಾಮ್ಯುಯೆಲ್ ರಹ್ಬರ್ 1960ರ ದಶಕದ ಕೊನೆಯಲ್ಲಿ ಮಧುಮೇಹಿಗಳ ರಕ್ತದಲ್ಲಿ ಈ ಬದಲಾವಣೆಯನ್ನು ಗುರುತಿಸಿದರು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆಮೇಲೆ ಹಳೆಯ ಕಣ ಹೋಗಿ ಹೊಸ ಕಣ ಬರುತ್ತದೆ, ಅಂಟಿದ ಸಕ್ಕರೆಯೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ರಕ್ತಕ್ಕೆ ಹಳೆಯ ತಪ್ಪುಗಳ ನೆನಪು ಬಹಳ ಕಾಲ ಇರುವುದಿಲ್ಲ.

ಚರ್ಮದ ಕತೆ ಬೇರೆ. ಒಳಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು. ಎಳೆದು ಬಿಟ್ಟಾಗ ಚರ್ಮ ಮತ್ತೆ ಸ್ವಸ್ಥಾನಕ್ಕೆ ಬರುವುದು ಇಲಾಸ್ಟಿನ್‌ನಿಂದ. ಇಂದು ನಿಮ್ಮ ಚರ್ಮದಲ್ಲಿರುವ ಕೊಲ್ಯಾಜನ್‌ನಲ್ಲಿ ಅರ್ಧ ಭಾಗ ಹೊಸದಾಗಲು ಸುಮಾರು 15 ವರ್ಷ ಬೇಕು ಎಂದು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2000ದಲ್ಲಿ ಲೆಕ್ಕ ಹಾಕಿದರು. ಅಷ್ಟು ಕಾಲ ಸಕ್ಕರೆಯ ನಡುವೆ ಇರುವ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾಗದಂತೆ ಬೆಸೆಯುತ್ತವೆ. ಹತ್ತಿಯ ನೂಲನ್ನು ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿ ನೋಡಿ. ನೂಲು ನೂಲಾಗಿಯೇ ಇರುತ್ತದೆ, ಆದರೆ ಬಾಗುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ. ಟೀಚರ್ ಅವರ ಬೆರಳುಗಳಲ್ಲಿ ಆಗಿದ್ದು ಇಂಥದೇ.

ಹೀಗೆ ಬೆಸೆದುಕೊಂಡ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಅಡ್ವಾನ್ಸ್‌ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್ಸ್ ಎಂಬ ಉದ್ದನೆಯ ಹೆಸರಿದೆ. ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಏಜ್’, ಅಂದರೆ ವಯಸ್ಸು ಎಂದಾಗುತ್ತದೆ. ಜಾಹೀರಾತು ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ!

ಹಾಗಾದರೆ ಡಬ್ಬಿಯ ಮೇಲಿನ ಮಾತು ನಿಜವೇ? ಸಕ್ಕರೆ ಚರ್ಮವನ್ನು ಮುಪ್ಪಾಗಿಸುತ್ತದೆ ಎಂಬ ಅರ್ಧ ನಿಜ. ಹೊರಗಿನಿಂದ ಹಚ್ಚಿದ ಕ್ರೀಮು ಅದನ್ನು ತಡೆಯುತ್ತದೆ ಎಂಬ ಇನ್ನರ್ಧಕ್ಕೆ ಗಟ್ಟಿಯಾದ ಆಧಾರವಿಲ್ಲ.

ಮೊದಲನೆಯದಾಗಿ ದಾರಿಯ ಪ್ರಶ್ನೆ. ಸಕ್ಕರೆ ಒಳಚರ್ಮಕ್ಕೆ ಬರುವುದು ರಕ್ತನಾಳಗಳ ಮೂಲಕ, ದಿನದ 24 ಗಂಟೆಯೂ. ಕ್ರೀಮು ಬರಬೇಕಾದದ್ದು ಮೇಲಿನಿಂದ, ಹೊರಚರ್ಮವನ್ನು ದಾಟಿಕೊಂಡು. ಹೊರಗಿನ ವಸ್ತು ಒಳಗೆ ಬಾರದಂತೆ ತಡೆಯುವುದೇ ಹೊರಚರ್ಮದ ಕೆಲಸ. ದೊಡ್ಡ ಅಣುಗಳನ್ನಂತೂ ಅದು ಬಿಡುವುದೇ ಇಲ್ಲ. ಇಂಥ ಕ್ರೀಮುಗಳಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವ ಕಾರ್ನೊಸಿನ್ ಸಣ್ಣ ಅಣುವೇನೋ ಹೌದು, ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಸಕ್ಕರೆ ಅಂಟುವುದನ್ನು ತಡೆಯುತ್ತದೆ ಎಂಬುದೂ ಹೌದು. ಆದರೆ ನೀರಿನಲ್ಲಿ ಕರಗುವ ಅದಕ್ಕೆ ಎಣ್ಣೆಯಂಶದ ಹೊರಚರ್ಮವನ್ನು ದಾಟುವುದು ಸುಲಭವಲ್ಲ. ನಳಿಕೆಗೆ ಚರ್ಮ ಇರುವುದಿಲ್ಲ, ನೋಡಿ.

ಎರಡನೆಯದು, ತಡೆಯುವುದು ಬೇರೆ, ಆದದ್ದನ್ನು ಬಿಡಿಸುವುದು ಬೇರೆ. ಕಂದಾದ ಪೇಡವನ್ನು ಮತ್ತೆ ಬಿಳಿ ಖೋವಾ ಮಾಡಲು ಯಾರಿಂದಲೂ ಆಗದು. ಔಷಧ ವಿಜ್ಞಾನಿಗಳು ಪ್ರಯತ್ನಿಸದೆ ಇಲ್ಲ. ಅಮೈನೋಗ್ವಾನಿಡಿನ್ ಎಂಬ ವಸ್ತು ಮಧುಮೇಹವಿರುವ ಇಲಿಗಳ ರಕ್ತನಾಳದಲ್ಲಿ ಈ ಬೆಸುಗೆಯನ್ನು ತಡೆಯುತ್ತದೆ ಎಂದು 1986ರಲ್ಲಿ ಗೊತ್ತಾದಾಗ ದೊಡ್ಡ ಆಸೆ ಹುಟ್ಟಿತ್ತು. ನುಂಗುವ ಮಾತ್ರೆಯಾಗಿ ಮನುಷ್ಯರ ಮೇಲೆ ವರ್ಷಗಟ್ಟಲೆ ಪರೀಕ್ಷೆಯೂ ನಡೆಯಿತು. ಪ್ರಯೋಜನ ನಿರೀಕ್ಷಿಸಿದಷ್ಟು ಕಾಣಲಿಲ್ಲ, ಅಡ್ಡ ಪರಿಣಾಮಗಳ ಚಿಂತೆ ಬೇರೆ; ಅದು ಔಷಧವಾಗಿ ಮಾರುಕಟ್ಟೆಗೆ ಬರಲೇ ಇಲ್ಲ. ರಕ್ತದ ಮೂಲಕವೇ ಸಾಧಿಸಲಾಗದ್ದನ್ನು ಕೆನ್ನೆಗೆ ಸವರಿ ಸಾಧಿಸುತ್ತೇವೆ ಎಂದರೆ, ಪುರಾವೆ ತೋರಿಸಿ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ.

ಪುರಾವೆ ಎಂದು ಇರುವುದು ಬಹುತೇಕ ಸಣ್ಣ ಅಧ್ಯಯನಗಳು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನಗೆ ಬಹಳ ಪಾಠ ಕಲಿಸಿತು. 55 ವರ್ಷ ದಾಟಿದ 20 ಮಂದಿ ಮಧುಮೇಹಿ ಮಹಿಳೆಯರಿಗೆ ಬ್ಲೂಬೆರಿ ಹಣ್ಣಿನ ಸಾರ ಸೇರಿಸಿದ ಇಂಥದೇ ಕ್ರೀಮನ್ನು 12 ವಾರ ಹಚ್ಚಲಾಯಿತು. ನವಿರು ಗೆರೆಗಳು ಕಡಿಮೆಯಾದವು, ಚರ್ಮ ನಯವಾಯಿತು. ಆದರೆ ಚರ್ಮದ ಮೇಲೆ ವಿಶೇಷ ಬೆಳಕು ಹಾಯಿಸಿ ಸಕ್ಕರೆಯ ಬೆಸುಗೆಗಳನ್ನು ಅಳೆದಾಗ ಅವು ಇಳಿದಿರಲಿಲ್ಲ! ಹಾಗಾದರೆ ಚರ್ಮ ಸುಧಾರಿಸಿದ್ದೇಕೆ? ಒಣಗಿದ ಚರ್ಮಕ್ಕೆ ತೇವ ಹಿಡಿದಿಡುವ ಯಾವುದೇ ಒಳ್ಳೆಯ ಕ್ರೀಮು ಹಚ್ಚಿದರೂ ಅದು ನೀರುಂಡು ಉಬ್ಬುತ್ತದೆ, ನವಿರು ಗೆರೆಗಳು ಮುಚ್ಚಿಕೊಳ್ಳುತ್ತವೆ. ಒಣದ್ರಾಕ್ಷಿ ನೆನೆಹಾಕಿದಂತೆ. ಗ್ಲಿಸರಿನ್ ಇರುವ ಅಗ್ಗದ ಕ್ರೀಮೂ ಈ ಕೆಲಸ ಮಾಡುತ್ತದೆ.

ನಮ್ಮ ಕಾನೂನಿನ ಪ್ರಕಾರ ಸೌಂದರ್ಯವರ್ಧಕ ಎಂದರೆ ಶುಚಿಗೊಳಿಸಲು, ಅಂದ ಹೆಚ್ಚಿಸಲು, ತೋರಿಕೆ ಬದಲಿಸಲು ಹಚ್ಚುವ ವಸ್ತು. ರೋಗ ಗುಣಪಡಿಸುವ ಔಷಧಕ್ಕೆ ಕೇಳುವಂಥ ರೋಗಿಗಳ ಮೇಲಿನ ಪರೀಕ್ಷೆಯನ್ನು ಅದಕ್ಕೆ ಕೇಳುವುದಿಲ್ಲ. ಡಬ್ಬಿಯ ಮೇಲಿನ ಒಕ್ಕಣೆಯನ್ನು ಓದುವಾಗ ಇದು ನೆನಪಿರಲಿ. ‘ಸುಕ್ಕು ಹೋಗುತ್ತದೆ’ ಎಂದು ಅನೇಕರು ಬರೆಯುವುದಿಲ್ಲ. ‘ಸುಕ್ಕು ಕಡಿಮೆ ಕಾಣುತ್ತದೆ’ ಎಂದು ಬರೆಯುತ್ತಾರೆ.

ಈಗ ನೀವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ರವಿಕೆಯ ಅಥವಾ ಅಂಗಿಯ ತೋಳು ಮೇಲಕ್ಕೆತ್ತಿ, ತೋಳಿನ ಒಳಭಾಗದ ಚರ್ಮ ನೋಡಿ. ಆಮೇಲೆ ಮುಂಗೈಯ ಹಿಂಭಾಗ ನೋಡಿ. ಎರಡಕ್ಕೂ ವಯಸ್ಸು ಒಂದೇ, ಹರಿಯುವ ರಕ್ತ ಒಂದೇ, ಅದರಲ್ಲಿರುವ ಸಕ್ಕರೆಯೂ ಒಂದೇ. ಆದರೂ ಒಂದು ಹತ್ತಿಪ್ಪತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವಯಸ್ಸಿನ ಲಾರಿ ಚಾಲಕನೊಬ್ಬನ ಚಿತ್ರ ಬಂದಿತ್ತು. 28 ವರ್ಷ ವಾಹನ ಓಡಿಸಿದ ಅವನ ಮುಖದ ಎಡಭಾಗ ಮಾತ್ರ ದಪ್ಪನೆಯ ಸುಕ್ಕುಗಳಿಂದ ಜೋತುಬಿದ್ದಿತ್ತು, ಬಲಭಾಗ ಎಷ್ಟೋ ವಾಸಿ. ಅಲ್ಲಿ ಚಾಲಕ ಕೂರುವುದು ಎಡಗಡೆ. ಕಿಟಕಿಯ ಬಿಸಿಲು ಬೀಳುವುದು ಎಡಗೆನ್ನೆಗೆ. ನಮ್ಮ ಚಾಲಕರಾದರೆ ಬಲಗೆನ್ನೆ ನೋಡಬೇಕು. ಸುಕ್ಕು ತರುವ ಅತಿನೇರಳೆ ಕಿರಣಗಳಲ್ಲಿ ಒಂದು ಬಗೆ ಗಾಜನ್ನೂ ಹಾದು ಬರುತ್ತದೆ. ಬಯಲುಸೀಮೆಯಲ್ಲಿ ಹೊಲ ಗೇಯ್ದ ಹಿರಿಯರ ಕತ್ತಿನ ಹಿಂದಿನ ಆಳವಾದ ಗೆರೆಗಳೂ ಇದನ್ನೇ ಹೇಳುತ್ತವೆ.

ಬಿಸಿಲಿನ ವಿಷಯದಲ್ಲಿ ಪುರಾವೆ ಬಲವಾಗಿದೆ. ಆಸ್ಟ್ರೇಲಿಯದ ನ್ಯಾಂಬೂರ್ ಎಂಬ ಊರಿನಲ್ಲಿ 55ರೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಂಡವರಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ ಶೇಕಡ 24ರಷ್ಟು ಕಡಿಮೆ ಎಂದು 2013ರಲ್ಲಿ ವರದಿಯಾಯಿತು. ಅವರು ಬಿಳಿಯರು. ನಮ್ಮ ಕಂದು ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಬದಲಿಗೆ ಬಂಗು ಮತ್ತು ಕಪ್ಪು ಕಲೆಗಳು ಬೇಗ ಬರುತ್ತವೆ. ಕೊಡೆ, ತಲೆಯ ಮೇಲಿನ ಸೆರಗು, ಮುಂಡಾಸು ಇವನ್ನು ಹಳೆಯ ಕಾಲದ್ದೆಂದು ಬಿಡಬೇಡಿ. ಬೀಡಿ ಸಿಗರೇಟಿನ ಹೊಗೆಯಲ್ಲಂತೂ ಪ್ರೋಟೀನಿಗೆ ಅಂಟಿ ಬೆಸೆಯುವ ವಸ್ತುಗಳೇ ಇವೆ.

ಹಾಗೆಂದು ಸಕ್ಕರೆಯನ್ನು ಮರೆಯುವಂತಿಲ್ಲ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ನೂರಾರು ಜನರ ಭಾವಚಿತ್ರ ತೋರಿಸಿ ವಯಸ್ಸು ಅಂದಾಜು ಮಾಡಿಸಿದಾಗ, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದವರು ಹೆಚ್ಚು ವಯಸ್ಸಾದವರಂತೆ ಕಂಡರು. 18 ಮಿಲಿಗ್ರಾಂ ಸಕ್ಕರೆ ಏರಿದರೆ ಸುಮಾರು ಐದು ತಿಂಗಳು, ಅಷ್ಟೆ. ಮುಖಕ್ಕೆ ಇದು ದೊಡ್ಡ ನಷ್ಟವಲ್ಲ. ಆದರೆ ಅದೇ ಸಕ್ಕರೆ ಕಣ್ಣಿನ ಪರದೆ, ಮೂತ್ರಪಿಂಡ, ಕಾಲಿನ ನರಗಳಿಗೆ ಮಾಡುವ ನಷ್ಟ ದೊಡ್ಡದು. ಕೈ ಮುಗಿದಾಗ ಬೆರಳು ಕೂಡದ ಮಧುಮೇಹಿಗಳಲ್ಲಿ ಕಣ್ಣು ಮತ್ತು ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು. ಮನೆಯಲ್ಲಿ ಮಧುಮೇಹಿಗಳಿದ್ದರೆ ಇವತ್ತೇ ಅವರಿಂದ ಕೈ ಮುಗಿಸಿ ನೋಡಿ. ಸಂಧಿವಾತದಿಂದಲೂ ಹೀಗಾಗುವುದುಂಟು, ಆದ್ದರಿಂದ ಹೆದರದೆ ವೈದ್ಯರಿಗೆ ತೋರಿಸಿ.

ಚರ್ಮದ ಬೆಸುಗೆ ಕಡಿಮೆಯಾದದ್ದನ್ನು ನಿಜವಾಗಿ ಅಳೆದು ತೋರಿಸಿದ್ದು ಯಾವುದರಿಂದ ಗೊತ್ತೆ? ಅಮೆರಿಕ ಮತ್ತು ಕೆನಡಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಕೆಲವರ ಚರ್ಮದ ಚೂರು ತೆಗೆದು ನೋಡಲಾಯಿತು. ವರ್ಷಗಳ ಕಾಲ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರ ಕೊಲ್ಯಾಜನ್‌ನಲ್ಲಿ ಬೆಸುಗೆ ಕಡಿಮೆಯಿತ್ತು ಎಂದು 1999ರಲ್ಲಿ ಪ್ರಕಟವಾಯಿತು. ಕ್ರೀಮಿನಿಂದಲ್ಲ, ಔಷಧ ಮತ್ತು ಪಥ್ಯದಿಂದ. ಹತೋಟಿ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ವಯಸ್ಸಾದವರಲ್ಲಿ ಸಕ್ಕರೆ ತೀರ ಇಳಿದರೂ ಅಪಾಯ.

ಆಹಾರದ ಬಗ್ಗೆ ಕೇಳುವವರಿಗೆ: ಒಣ ಉರಿಯಲ್ಲಿ ಸುಟ್ಟ, ಕರಿದ ಪದಾರ್ಥಗಳಲ್ಲಿ ಈ ಬೆಸೆದ ವಸ್ತುಗಳು ಹೆಚ್ಚು, ಬೇಯಿಸಿದ್ದರಲ್ಲಿ ಕಡಿಮೆ. ಇಡ್ಲಿ, ಕಡುಬು, ಮುದ್ದೆಗಳಿಗೆ ಇಲ್ಲಿ ಒಳ್ಳೆಯ ಅಂಕ. ಆದರೆ ಇಡ್ಲಿ ತಿಂದವರಿಗೆ ಸುಕ್ಕು ಬರುವುದಿಲ್ಲ ಎಂದು ನಾನು ಹೇಳಿದೆನೆಂದು ಯಾರೂ ಹೇಳಬೇಡಿ.

ಇನ್ನೊಂದು ಮಾತು. ಮಕ್ಕಳ, ಹರೆಯದವರ ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ಅದನ್ನು ಕೊಳೆಯೆಂದು ತಿಕ್ಕುವ, ಕ್ರೀಮು ತಂದು ಹಚ್ಚುವ ತಾಯಂದಿರಿದ್ದಾರೆ. ಹಲವು ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ, ಮುಂದೆ ಮಧುಮೇಹ ಬರಬಹುದಾದ ಸೂಚನೆ. ರಕ್ತಪರೀಕ್ಷೆ ಮಾಡಿಸಿ. ಔಷಧದ ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನಂತೂ ಮುಖಕ್ಕೆ ಹಚ್ಚಲೇಬೇಡಿ. ಕೆಲವು ತಿಂಗಳಲ್ಲಿ ಅವು ಚರ್ಮವನ್ನು ತೆಳ್ಳಗೆ ಮಾಡಿಬಿಡುತ್ತವೆ.

ಟೀಚರ್‌ಗೆ ಮಾತ್ರೆ ಕಡಿಮೆ ಮಾಡಲಿಲ್ಲ. ಎಚ್‌ಬಿಎ1ಸಿ ಪರೀಕ್ಷೆಗೆ, ಕಣ್ಣಿನ ವೈದ್ಯರಿಗೆ, ಮೂತ್ರದ ಪ್ರೋಟೀನ್ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆ. ಇವೆಲ್ಲಕ್ಕೂ ಆ ಡಬ್ಬಿಯ ಬೆಲೆಯಲ್ಲಿ ಅರ್ಧವೂ ಆಗಲಿಲ್ಲ. ‘ಹಾಗಾದ್ರೆ ಇದನ್ನ ಏನ್ ಮಾಡ್ಲಿ? ಮಗ ಬೇಜಾರ್ ಮಾಡ್ಕೋತಾನೆ’ ಎಂದರು. ಅವರ ಹಿಮ್ಮಡಿಗಳು ಒಣಗಿ ಒಡೆದಿದ್ದವು. ಮಧುಮೇಹಿಗಳಲ್ಲಿ ಅಂಥ ಬಿರುಕಿನಿಂದಲೇ ಎಷ್ಟೋ ಸಲ ಕಾಲಿನ ಹುಣ್ಣು ಶುರುವಾಗುತ್ತದೆ. ‘ರಾತ್ರಿ ಕಾಲು ತೊಳೆದು, ಒರೆಸಿ, ಹಿಮ್ಮಡಿಗೆ ಹಚ್ಚಿ. ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಲ್ಲಬಾರದು. ಇದು ಮುಗಿದ ಮೇಲೆ ಗ್ಲಿಸರಿನ್ ಇರೋ ಸಾಧಾರಣ ಕ್ರೀಮು ಸಾಕು’ ಎಂದೆ.