ಹಳೆ ಯೆಜ್ಡಿಯ ಎಂಜಿನ್ ಕೇಸು ಏಕಿಷ್ಟು ತಡ?

ಪ್ರಶ್ನೆ: ಲೇತ್ ತಯಾರಿಸಿದ ಊರು ನಮ್ಮ ಹರಿಹರ. ನನ್ನ ಯೆಜ್ಡಿಯ ಒಡೆದ ಎಂಜಿನ್ ಕೇಸಿನಂಥದೇ ಇನ್ನೊಂದನ್ನು ಮಾಡಲು ಅಷ್ಟು ಕಾಲ ಏಕೆ ಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳ ಬಗ್ಗೆ ಎರಡು ಮಾತಿಲ್ಲ. ಆದರೆ ತೊಡಕಿರುವುದು ಅದಕ್ಕೂ ಮೊದಲು, ಎರಕದಲ್ಲಿ. ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಮುಚ್ಚಿದ್ದರಿಂದ ಅಲ್ಲಿಂದ ಹೊಸ ಕೇಸು ಬರುವಂತಿಲ್ಲ. ಹಳೆ ಕೇಸನ್ನೇ ಮರಳಿನಲ್ಲಿ ಅಚ್ಚೊತ್ತಿ ಎರಕ ಹೊಯ್ದರೆ, ಆರುವಾಗ ಅಲ್ಯೂಮಿನಿಯಂ ಶೇ 1ಕ್ಕಿಂತ ತುಸು ಹೆಚ್ಚೇ ಕುಗ್ಗುತ್ತದೆ, 300 ಮಿ.ಮೀ.ನಲ್ಲಿ ಸುಮಾರು 4 ಮಿ.ಮೀ. ಮಾಯ! ಹಾಗಾಗಿ ದೊಡ್ಡ ಅಳತೆಯ ಹೊಸ ಮಾದರಿಯೇ ಆಗಬೇಕು. ಹಳೆ ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್, ಗಾಳಿಯ ಮಿಶ್ರಣ ಕೇಸಿನೊಳಗಿಂದಲೇ ಸಾಗುತ್ತದೆ. ಎರಕದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದು ಗಾಳಿ ಸೋರಿದರೂ ಕೇಸು ಗುಜರಿಗೆ. ಆಮೇಲೆ ಕೇಸಿನ ಎರಡೂ ಹೋಳು ಬಿಗಿದು, ಬೇರಿಂಗ್ ಕುಳಿಗಳನ್ನು ಒಂದೇ ನೇರಕ್ಕೆ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೊರೆಯಬೇಕು.

ಇಷ್ಟೆಲ್ಲ ಹತ್ತಿಪ್ಪತ್ತು ಕೇಸಿಗಾಗಿ. ಸಾವಿರದ ಆರ್ಡರ್ ಬದಿಗಿಟ್ಟು ಯಾವ ಫೌಂಡ್ರಿ ಇದನ್ನು ಕೈಗೆತ್ತಿಕೊಂಡೀತು? ತಪ್ಪೆನ್ನಲಾರೆ.

ಒಡಕು ಬೇರಿಂಗ್ ಕುಳಿಯಿಂದ ದೂರವಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ನೋಡಿ. ಹೊಸದೇ ಬೇಕೆಂದರೆ ಪೂರ್ತಿ ಹಣ ಮುಂಗಡ ಕೊಡಬೇಡಿ.