ಎಂಜಿನ್ ಒಂದೇ, ಬೆಲೆ ಮೂರು!

"ಎಂಜಿನ್ ಒಂದೇ ಅಂದ ಮೇಲೆ ಬೆಲೆ ಮಾತ್ರ ಮೂರು ಯಾಕೆ ಸಾರ್?"

2024ರಲ್ಲಿ ನಮ್ಮ ಚರ್ಚೆಯೊಂದು ಮುಗಿದು, ಸ್ಟುಡಿಯೋದ ದೀಪಗಳನ್ನು ಆರಿಸುತ್ತಿದ್ದ ಹೊತ್ತಿನಲ್ಲಿ ಸಭಿಕರ ಸಾಲಿನಲ್ಲಿದ್ದ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ಆಕೆಯ ಮನೆ ಬಾಪೂಜಿ ನಗರದಲ್ಲಿ. ಅಣ್ಣನಿಗೆ ಮೊದಲ ಕೆಲಸ ಸಿಕ್ಕಿದೆ. ಅವನಿಗೆ ಚುರುಕಾಗಿ ಓಡುವ ಕಾರೇ ಬೇಕು. ಅಮ್ಮನಿಗೆ ಏರ್‌ಬ್ಯಾಗ್ ಇದ್ದರೆ ಸಾಕು. ನಿವೃತ್ತಿಯ ಅಂಚಿನಲ್ಲಿರುವ ಅಪ್ಪನಿಗೆ ತಿಂಗಳ ಕಂತಿನದೇ ಚಿಂತೆ. ಕಾರು ಯಾವುದೆಂದು ಎಲ್ಲರೂ ಒಪ್ಪಿಯಾಗಿದೆ. ಆದರೆ ಯಾವ ವೇರಿಯಂಟ್ ಎನ್ನುವಲ್ಲಿ ವಾರದಿಂದ ಮನೆಯಲ್ಲಿ ಜಗಳ!

ಬಹಳಷ್ಟು ಮನೆಗಳಲ್ಲಿ ಹೀಗೆಯೇ ಆಗುತ್ತದೆ. ಕಾರನ್ನು ಆರಿಸುವಾಗ ಯೋಚಿಸುವಷ್ಟು ವೇರಿಯಂಟನ್ನು ಆರಿಸುವಾಗ ನಾವು ಯೋಚಿಸುವುದಿಲ್ಲ. "ಇನ್ನೊಂದು ಲಕ್ಷ ಹಾಕಿದರೆ ಮೇಲಿನದೇ ಬರುತ್ತೆ" ಎಂದು ಯಾರೋ ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಆ ಒಂದು ಲಕ್ಷ ನಿಜಕ್ಕೂ ಒಂದೇ ಲಕ್ಷವೇ? ಅದರಿಂದ ನಮಗೆ ದೊರೆಯುವುದೇನು? ಬನ್ನಿ, ಲೆಕ್ಕ ಹಾಕಿ ನೋಡೋಣ.

ಹಾಟ್ ಹ್ಯಾಚ್ ಎಂದರೇನು?

ಪ್ರತ್ಯೇಕ ಡಿಕ್ಕಿ ಚಾಚಿಕೊಂಡಿರದೆ, ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲಿರುವ ಚಿಕ್ಕ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ಇಂಥ ಮನೆಬಳಕೆಯ ಕಾರಿಗೆ ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿ, ಸಸ್ಪೆನ್ಷನ್ ಬಿಗಿಗೊಳಿಸಿದರೆ ಅದು ಹಾಟ್ ಹ್ಯಾಚ್. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ ಮಾರಾಟಕ್ಕೆ ತಂದ ಗಾಲ್ಫ್ ಜಿ.ಟಿ.ಐ. ಈ ಜಾತಿಗೆ ಹೆಸರು ತಂದ ಕಾರು. ಅದರ ಶಕ್ತಿ 110 ಅಶ್ವಶಕ್ತಿ, ತೂಕ ಸುಮಾರು 800 ಕಿಲೋ. ಶಕ್ತಿಯನ್ನು ತೂಕದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಇಂಥ ಕಾರುಗಳ ಜೀವಾಳ.

ನಮ್ಮ ದೇಶದಲ್ಲೂ ಈ ಪ್ರಯತ್ನ ಹೊಸದಲ್ಲ. 2001ರ ಫಿಯಟ್ ಪಾಲಿಯೋ 1.6, 2015ರ ಅಬಾರ್ತ್ ಪುಂಟೊ, 2017ರ ಬಲೆನೊ ಆರ್.ಎಸ್. ಒಂದಾದ ಮೇಲೊಂದು ಬಂದುಹೋದವು. ಬಲೆನೊ ಆರ್.ಎಸ್. ಒಂದೇ ವೇರಿಯಂಟಿನಲ್ಲಿ ಬಂದಿತ್ತು. ಆರಿಸುವ ತೊಂದರೆಯೇ ಇರಲಿಲ್ಲ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ ಎನ್6, ಎನ್8 ಎಂಬ ಎರಡು ವೇರಿಯಂಟುಗಳಿದ್ದವು. 2024ರ ಜೂನ್‌ನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ನಲ್ಲಿ ಆರ್1, ಆರ್2, ಆರ್3 ಎಂದು ಮೂರು. ಆ ವಿದ್ಯಾರ್ಥಿನಿಯ ಮನೆಯ ಜಗಳ ಈ ಮೂರರ ಬಗ್ಗೆಯೇ.

ಮೂರರಲ್ಲಿ ಬೇರೆ ಏನಿತ್ತು?

ಎಂಜಿನ್‌ನಿಂದ ಶುರು ಮಾಡೋಣ. ಸಾಮಾನ್ಯ ಆಲ್ಟ್ರೋಜ್ ಪೆಟ್ರೋಲ್ ಕಾರಿನ ಶಕ್ತಿ 88 ಅಶ್ವಶಕ್ತಿ. ರೇಸರ್‌ನದು 120. ಎರಡೂ ಎಂಜಿನ್‌ಗಳ ಗಾತ್ರ ಒಂದೇ, 1199 ಸಿ.ಸಿ. ಹಾಗಾದರೆ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಟರ್ಬೋಚಾರ್ಜರ್‌ನಿಂದ. ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೋಗುವ ಬಿಸಿ ಅನಿಲ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಪೆಟ್ರೋಲ್ ಉರಿಸಬಹುದು.

ಈ ಎಂಜಿನ್, ಇದರ 6 ಗೇರುಗಳ ಗೇರ್‌ಬಾಕ್ಸ್, 6 ಏರ್‌ಬ್ಯಾಗ್‌ಗಳು ಆರ್1ರಿಂದ ಆರ್3ರವರೆಗೆ ಎಲ್ಲದರಲ್ಲೂ ಇದ್ದವು. ಆರ್2ಕ್ಕೆ ಹೋದರೆ ಮುಖ್ಯವಾಗಿ ಚಾವಣಿಯಲ್ಲಿ ತೆರೆಯುವ ಸನ್‌ರೂಫ್, ಸುತ್ತಲೂ ತೋರಿಸುವ ಕ್ಯಾಮೆರಾಗಳು ಸೇರುತ್ತಿದ್ದವು. ಆರ್3ರಲ್ಲಿ ಗಾಳಿಯಾಡುವ ಮುಂದಿನ ಸೀಟುಗಳು ಮುಂತಾದವು. ಅಂದರೆ ಮೇಲಿನ ವೇರಿಯಂಟಿಗೆ ಕೊಟ್ಟ ಹಣದಿಂದ ಕಾರು ಒಂದಿಷ್ಟೂ ಹೆಚ್ಚು ವೇಗವಾಗಿ ಓಡುತ್ತಿರಲಿಲ್ಲ. ಅಣ್ಣನಿಗೆ ಬೇಕಾದ ಚುರುಕುತನವೂ ಅಮ್ಮನಿಗೆ ಬೇಕಾದ ಏರ್‌ಬ್ಯಾಗೂ ಆರ್1ರಲ್ಲೇ ಮುಗಿದಿದ್ದವು.

ಎಲ್ಲ ಕಾರುಗಳಲ್ಲೂ ಹೀಗೆಯೇ ಎಂದು ತಿಳಿಯಬಾರದು. ಐ20 ಎನ್ ಲೈನ್ ಮೊದಲು ಬಂದಾಗ ಕ್ಲಚ್ ಪೆಡಲ್ ಇಲ್ಲದ ಡಿ.ಸಿ.ಟಿ. ಗೇರ್‌ಬಾಕ್ಸ್ ಎನ್8ರಲ್ಲಿ ಮಾತ್ರ ಸಿಗುತ್ತಿತ್ತು. ಅದು ಬೇಕೆಂದವರು ಮೇಲಿನದನ್ನು ಕೊಳ್ಳಲೇಬೇಕಿತ್ತು. ಆದ್ದರಿಂದ ಶೋರೂಮಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಇದರಲ್ಲಿ ಏನೇನಿದೆ?" ಎಂಬುದಲ್ಲ; "ಕೆಳಗಿನದರಲ್ಲಿ ಏನಿಲ್ಲ?" ಎಂಬುದು.

ತೆರಿಗೆಯ ಮೆಟ್ಟಿಲು

ಈಗ ಹಣದ ಮಾತು. ಬಿಡುಗಡೆಯಾದಾಗ ಎಕ್ಸ್ ಶೋರೂಮ್ ಬೆಲೆ ಆರ್1ಕ್ಕೆ 9.49 ಲಕ್ಷ, ಆರ್2ಕ್ಕೆ 10.49 ಲಕ್ಷ, ಆರ್3ಕ್ಕೆ 10.99 ಲಕ್ಷ ರೂಪಾಯಿ. ಮೇಲುನೋಟಕ್ಕೆ ಆರ್1, ಆರ್2ರ ನಡುವಿನ ಅಂತರ ಸರಿಯಾಗಿ ಒಂದು ಲಕ್ಷ.

ಆದರೆ ಕರ್ನಾಟಕದಲ್ಲಿ ಕಾರನ್ನು ನೋಂದಾಯಿಸುವಾಗ ಜೀವಾವಧಿ ತೆರಿಗೆ, ಅಂದರೆ ಜನ 'ಲೈಫ್ ಟ್ಯಾಕ್ಸ್' ಎನ್ನುವುದನ್ನು, ಕಟ್ಟಬೇಕು. ಇದರ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 5 ಲಕ್ಷದಿಂದ 10 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಶೇಕಡಾ 14. 10 ಲಕ್ಷ ದಾಟಿದರೆ ಶೇಕಡಾ 17. ಆ ತೆರಿಗೆಯ ಮೇಲೆ ಶೇಕಡಾ 11ರಷ್ಟು ಸೆಸ್ ಬೇರೆ. ಎರಡೂ ಸೇರಿದರೆ ಕ್ರಮವಾಗಿ ಶೇಕಡಾ 15.54 ಮತ್ತು 18.87.

ಇಲ್ಲೊಂದು ಸೂಕ್ಷ್ಮವಿದೆ. ಆದಾಯ ತೆರಿಗೆಯಲ್ಲಿ ಮಿತಿ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಇಲ್ಲಿ ಹಾಗಲ್ಲ, ಹತ್ತು ಲಕ್ಷ ದಾಟಿದ ಕೂಡಲೇ ಪೂರ್ತಿ ಬೆಲೆಗೆ ಹೊಸ ದರ ಬೀಳುತ್ತದೆ. ಲೆಕ್ಕ ನೋಡಿ:

ಆರ್1: ತೆರಿಗೆ ಸುಮಾರು 1,47,475 ರೂ.
ಆರ್2: ತೆರಿಗೆ ಸುಮಾರು 1,97,946 ರೂ.
ಆರ್3: ತೆರಿಗೆ ಸುಮಾರು 2,07,381 ರೂ.

ಆರ್1ರಿಂದ ಆರ್2ಕ್ಕೆ ಹತ್ತಿದರೆ ತೆರಿಗೆಯೊಂದೇ 50,471 ರೂಪಾಯಿ ಹೆಚ್ಚುತ್ತಿತ್ತು. 'ಒಂದು ಲಕ್ಷ' ಎಂದು ಹೇಳಿದ್ದು ಒಂದೂವರೆ ಲಕ್ಷವಾಯಿತು! ಅದೇ ಆರ್2ರಿಂದ ಆರ್3ಕ್ಕೆ ಹೋದರೆ ತೆರಿಗೆ ಹೆಚ್ಚುತ್ತಿದ್ದುದು ಬರೀ 9,435 ರೂಪಾಯಿ. ಬೆಲೆಯ ಜೊತೆಗೆ ವಿಮೆಯ ಕಂತೂ ತುಸು ಏರುತ್ತದೆ.

ಆ ಒಂದೂವರೆ ಲಕ್ಷವನ್ನು ಸಾಲ ಮಾಡಿ ತಂದರೆ? ಬಡ್ಡಿ ಶೇಕಡಾ 9, ಅವಧಿ 5 ವರ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 3,114 ರೂಪಾಯಿಯಂತೆ 60 ಕಂತು. ಒಟ್ಟು ಸುಮಾರು 1.87 ಲಕ್ಷ. ಸನ್‌ರೂಫಿನ ನಿಜವಾದ ಬೆಲೆ ಇದು. ಅಪ್ಪನ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದು ಈಗ ತಿಳಿಯಿತಲ್ಲವೇ?

ಈ ಬೆಲೆಗಳು 2024ರವು. 2025ರ ಸೆಪ್ಟೆಂಬರ್ 22ರಿಂದ, 4 ಮೀಟರ್ ಉದ್ದ ಮೀರದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದಿದೆ. ಮಿತಿ ಮೀರಿದರೆ ಶೇಕಡಾ 40. ಚಿಕ್ಕ ಎಂಜಿನ್ನಿಗೆ ಟರ್ಬೋ ಜೋಡಿಸುವುದರ ಹಿಂದೆ ಭೌತಶಾಸ್ತ್ರದ ಜೊತೆಗೆ ತೆರಿಗೆಯ ಲೆಕ್ಕವೂ ಇದೆ. ಬೆಲೆಗಳು ಬದಲಾಗುತ್ತಿರುತ್ತವೆ, ಆದರೆ ಲೆಕ್ಕ ಹಾಕುವ ಕ್ರಮ ಅದೇ. ಎಕ್ಸ್ ಶೋರೂಮ್ ಬೆಲೆಗಳನ್ನು ಹೋಲಿಸಬೇಡಿ. ಪ್ರತಿ ವೇರಿಯಂಟಿನ ಆನ್ ರೋಡ್ ಬೆಲೆಯನ್ನು ಬರೆಸಿಕೊಂಡು ಹೋಲಿಸಿ.

ಚಕ್ರ ದೊಡ್ಡದಾದರೆ ಒಳ್ಳೆಯದೇ?

ಮೇಲಿನ ವೇರಿಯಂಟುಗಳಲ್ಲಿ ಕಣ್ಣು ಸೆಳೆಯುವ ಇನ್ನೊಂದು ವಸ್ತು ದೊಡ್ಡ ಅಲಾಯ್ ಚಕ್ರ. ಟೈರಿನ ಪಕ್ಕದಲ್ಲಿ 185/65 ಆರ್ 15 ಎಂದು ಬರೆದಿದ್ದರೆ, ಟೈರಿನ ಅಗಲ 185 ಮಿಲಿಮೀಟರ್, ಪಕ್ಕದ ರಬ್ಬರ್ ಗೋಡೆಯ ಎತ್ತರ ಆ ಅಗಲದ ಶೇಕಡಾ 65, ಒಳಗಿನ ಚಕ್ರದ ವ್ಯಾಸ 15 ಅಂಗುಲ ಎಂದರ್ಥ. ಗೋಡೆಯ ಎತ್ತರ ಸುಮಾರು 120 ಮಿ.ಮೀ. ಆಯಿತು. 195/55 ಆರ್ 16 ಟೈರಿನಲ್ಲಿ ಅದು ಸುಮಾರು 107 ಮಿ.ಮೀ. ಹೊರಗಿನ ಒಟ್ಟು ವ್ಯಾಸ ಎರಡಕ್ಕೂ ಸುಮಾರು 621 ಮಿ.ಮೀ. ಅಂದರೆ ಲೋಹ ಹೆಚ್ಚಿತು, ರಬ್ಬರು ಕಡಿಮೆಯಾಯಿತು. ತಿರುವಿನಲ್ಲಿ ಟೈರು ಕಡಿಮೆ ಬಳುಕುತ್ತದೆ, ಇದು ಲಾಭ. ಆದರೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಇಳಿದಾಗ ಹೊಡೆತ ತಿನ್ನಲು 13 ಮಿ.ಮೀ. ರಬ್ಬರು ಕಡಿಮೆ, ಇದು ನಷ್ಟ. ದಿನಾ ಓಡಾಡುವ ರಸ್ತೆ ಯಾವುದೆಂದು ನೋಡಿಕೊಂಡು ತೀರ್ಮಾನಿಸಬೇಕು.

ಆಮೇಲೆ ಸೇರಿಸಲಾಗದ್ದು

ಒಂದು ಸುಲಭ ಸೂತ್ರ ಹೇಳುತ್ತೇನೆ. ಆಮೇಲೆ ಸೇರಿಸಲಾಗದ್ದಕ್ಕೆ ಈಗ ಹಣ ಕೊಡಿ. ಆಮೇಲೆ ಸೇರಿಸಬಹುದಾದ್ದಕ್ಕೆ ಕಾಯಿರಿ.

ಸೀಟ್ ಕವರ್, ಮ್ಯಾಟು, ಸ್ಪೀಕರ್, ಹಿಂಬದಿಯ ಕ್ಯಾಮೆರಾ ಇವೆಲ್ಲ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಯಾವಾಗ ಬೇಕಾದರೂ ಸಿಗುತ್ತವೆ. ವೈರು ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಂದರೆಯಾದೀತು, ಅಷ್ಟು ಎಚ್ಚರವಿರಲಿ. ಆದರೆ ಏರ್‌ಬ್ಯಾಗ್, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್., ಜಾರುವ ಕಾರನ್ನು ಹದಕ್ಕೆ ತರುವ ಇ.ಎಸ್.ಸಿ. ಇವುಗಳನ್ನು ಯಾವ ಅಂಗಡಿಯೂ ಆಮೇಲೆ ಕೂಡಿಸಿಕೊಡಲಾರದು.

ಹಿಂದೆ ಇವು ಅನೇಕ ಕಾರುಗಳಲ್ಲಿ ಮೇಲಿನ ವೇರಿಯಂಟು ಕೊಂಡವರಿಗಷ್ಟೇ ಸಿಗುತ್ತಿದ್ದವು. ಜೀವರಕ್ಷಣೆಯೂ ಅಲಂಕಾರದ ಪಟ್ಟಿಯಲ್ಲಿತ್ತು! ಕಾನೂನು ಅದನ್ನು ಬದಲಿಸಿತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎ.ಬಿ.ಎಸ್., ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗ್, 2022ರ ಜನವರಿಯಿಂದ ಪಕ್ಕದ ಸೀಟಿನ ಏರ್‌ಬ್ಯಾಗ್ ಕಡ್ಡಾಯವಾದವು.

ಚುರುಕಿನ ಕಾರಿಗೆ ಇವು ಇನ್ನೂ ಮುಖ್ಯ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ನೀವು ಓದಿದ್ದೀರಿ. ವೇಗ ಗಂಟೆಗೆ 60 ಕಿ.ಮೀ.ನಿಂದ 80ಕ್ಕೆ ಏರಿದರೆ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ. ಆದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಶೇಕಡಾ 78ರಷ್ಟು ಏರುತ್ತದೆ. ಸನ್‌ರೂಫ್ ಇದಕ್ಕೆ ಯಾವ ನೆರವನ್ನೂ ಕೊಡದು.

ಹಾಗೆಂದು ಮೇಲಿನ ವೇರಿಯಂಟು ಕೊಂಡವರೆಲ್ಲ ಮೋಸಹೋದರು ಎಂದಲ್ಲ. ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೆ ಸುತ್ತಲಿನ ಕ್ಯಾಮೆರಾ ದಿನವೂ ಉಪಯೋಗಕ್ಕೆ ಬರುತ್ತದೆ. ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡುತ್ತಿದ್ದೇವೆ, ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿಯದೆ ಕೊಡುವುದು ತಪ್ಪು.

ಆ ವಿದ್ಯಾರ್ಥಿನಿಗೆ ಸ್ಟುಡಿಯೋದಲ್ಲಿ ನಾನು ಉತ್ತರ ಹೇಳಲಿಲ್ಲ. ಒಂದು ಹಾಳೆಯ ಮೇಲೆ ಮೂರು ಸಾಲು ಎಳೆದುಕೊಟ್ಟೆ: ಬೆಲೆ, ತೆರಿಗೆ, ಕಂತು. ಮನೆಗೆ ಹೋಗಿ ಎಲ್ಲರೆದುರು ತುಂಬಿಸು ಎಂದೆ. ತಿಂಗಳ ಮೇಲೆ ಆಕೆಯಿಂದ ಫೋನ್ ಬಂತು. ಗಾಳಿ ಆಂಜನೇಯನ ಗುಡಿಯ ಮುಂದೆ ಪೂಜೆ ಮುಗಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಾರು ಹೊರಡಿಸಿದರಂತೆ. ಅದು ಆರ್1. ಅಣ್ಣ ಒಂದು ದಿನ ಮುಖ ಊದಿಸಿಕೊಂಡಿದ್ದನಂತೆ. ಓಡಿಸಿದ ಮೇಲೆ ಸರಿಹೋದನಂತೆ.

ಈಗ ನಿಮಗೊಂದು ಲೆಕ್ಕ. ಒಂದು ವೇರಿಯಂಟಿನ ಬೆಲೆ 9,99,000 ರೂ., ಇನ್ನೊಂದರದು 10,01,000 ರೂ. ಬೆಲೆಯ ಅಂತರ ಎರಡೇ ಸಾವಿರ. ತೆರಿಗೆಯ ಅಂತರವೆಷ್ಟು? ಪೆನ್ಸಿಲ್ ಹಿಡಿದು ನೀವೇ ಕಂಡುಕೊಳ್ಳಿ. ಆಮೇಲೆ ಅದನ್ನು ಮನೆಯವರಿಗೂ ತೋರಿಸಿ.